ಫಾರ್ಮ್‌ನಿಂದ ‘ಸರ್‌ನೇಮ್’ ಕಾಲಂ ತೆಗೆದುಬಿಡಿ

ಆಫೀಸು, ಕಾಲೇಜುಗಳ ಸೇರ್ಪಡೆ ಫಾರ್ಮ್ ಮಾಡುವವರಿಗೆ: ‘ಫಸ್ಟ್ ನೇಮ್, ಸರ್‌ನೇಮ್’ ಬಿಟ್ಟು ಎರಡು ಕಾಲಂ ಇಡಿ. ಒಂದು, ‘ಆಧಾರ್‌ನಲ್ಲಿರುವಂತೆ ಪೂರ್ತಿ ಹೆಸರು’. ಇನ್ನೊಂದು, ‘ನಿಮ್ಮನ್ನು ಏನೆಂದು ಕರೆಯಬೇಕು’. ನಮ್ಮ ಕಡೆ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ, ಇರುವುದು ಊರಿನದೋ ಅಪ್ಪನದೋ ಇನಿಷಿಯಲ್. ಕಾಲಂ ಕಡ್ಡಾಯ ಮಾಡಿದರೆ ಎಚ್. ಕೆ. ಸವಿತಾ ಅಲ್ಲಿ ಅಪ್ಪನ ಹೆಸರು ತುಂಬುತ್ತಾರೆ, ಮರುದಿನ ಮೇಲ್ ಬರುತ್ತದೆ: ‘ಡಿಯರ್ ಮಿಸ್ ಕೃಷ್ಣಪ್ಪ’. ಅದಕ್ಕಿಂತ ದೊಡ್ಡ ವಿಷಯ, ಅಡ್ಡಹೆಸರು ಕೇಳುವುದು ಎಷ್ಟೋ ಸಲ ಜಾತಿಯನ್ನು ಸುತ್ತುಬಳಸಿ ಕೇಳಿದಂತೆಯೇ. ಐಡಿ ಕಾರ್ಡ್, ಹಾಜರಿ ಪಟ್ಟಿ, ಮೇಲ್ ಎಲ್ಲಕ್ಕೂ ಎರಡನೇ ಕಾಲಂ ಬಳಸಿ. ಪಿಎಫ್, ಬ್ಯಾಂಕ್‌ಗೆ ಮಾತ್ರ ಮೊದಲನೆಯದು. ಅಲ್ಲಿ ಇನಿಷಿಯಲ್ ಬಿಡಿಸಿ ಬರೆಯಲು ಹೋಗಬೇಡಿ, ಆಧಾರ್‌ಗೆ ತಾಳೆಯಾಗದಿದ್ದರೆ ಕ್ಲೇಮ್ ಸಿಕ್ಕಿಕೊಳ್ಳುತ್ತದೆ. ಹೊರದೇಶದ ಪ್ರಯಾಣಕ್ಕೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಬೇಕು; ಅದರಲ್ಲಿ ಗಿವನ್ ನೇಮ್ (ಸರ್‌ನೇಮ್ ಬಿಟ್ಟು ಉಳಿದ ಹೆಸರು) ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಆ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ‘ಫಸ್ಟ್ ನೇಮ್ ಅನ್‌ನೋನ್’ (ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಹಾಗಾಗಿ ಟಿಕೆಟ್ ಮಾಡಿಸುವಾಗ ಪಾಸ್‌ಪೋರ್ಟ್‌ನ ಪ್ರತಿಯನ್ನೇ ಬೇರೆಯಾಗಿ ತರಿಸಿಕೊಳ್ಳಿ. ಮತ್ತೆ, ಮ್ಯಾನೇಜರ್ ಸಂದರ್ಶನದಲ್ಲಿ ಬಾಯಿಬಿಟ್ಟು ‘ಪೂರ್ತಿ ಹೆಸರೇನಮ್ಮ, ಯಾವ ಪೈಕಿ?’ ಅಂದರೆ ಫಾರ್ಮ್ ಬದಲಿಸಿಯೂ ವ್ಯರ್ಥ.