ಬಫರ್ ಪಿಎಚ್: ಮೀಟರ್ ಮುಟ್ಟುವ ಮೊದಲು ನಾನು ಹಾಕುವ ಲೆಕ್ಕ

ಪುಡಿ ತೂಗಿ ನೀರಿಗೆ ಹಾಕಿ, ಪಿಎಚ್ ಮೀಟರ್ ನೋಡುತ್ತಾ ಹನಿ ಹನಿಯಾಗಿ ಆಸಿಡ್ ಬಿಡುವುದು ಬಹಳ ಲ್ಯಾಬ್‌ಗಳ ಪದ್ಧತಿ. ಹಾಗೆ ಮಾಡಿದರೂ ಬಫರ್ (ಸ್ವಲ್ಪ ಆಸಿಡ್ ಅಥವಾ ಬೇಸ್ ಸೇರಿದರೂ ಪಿಎಚ್ ಹೆಚ್ಚು ಬದಲಾಗದ ದ್ರಾವಣ) ಆಗುತ್ತದೆ. ಆದರೆ ಎಲೆಕ್ಟ್ರೋಡ್ ಹಳೆಯದಾಗಿದ್ದರೆ, ಕ್ಯಾಲಿಬ್ರೇಷನ್ ಕೆಟ್ಟಿದ್ದರೆ, ಮೀಟರ್ ತೋರಿಸುತ್ತಿರುವುದು ತಪ್ಪು ಅಂತ ಹೇಳುವವರು ಯಾರು? ಅದಕ್ಕೇ ನಾನು ಮೊದಲು ಕಾಗದದ ಮೇಲೆ ಲೆಕ್ಕ ಹಾಕುತ್ತೇನೆ. ಎಷ್ಟು ಬರಬೇಕು ಅಂತ ಗೊತ್ತಿದ್ದರೆ ಮೀಟರನ್ನೂ ಪರೀಕ್ಷಿಸಬಹುದು.

ಸೂತ್ರ ಎಲ್ಲರಿಗೂ ಗೊತ್ತಿರುವ ಹೆಂಡರ್ಸನ್–ಹ್ಯಾಸಲ್‌ಬಾಲ್ಕ್ ಸೂತ್ರವೇ:

ಪಿಎಚ್ = ಪಿಕೆಎ + ಲಾಗ್ (ಬೇಸ್ ÷ ಆಸಿಡ್)

ಪಿಕೆಎ ಅಂದರೆ ಆ ಆಸಿಡ್ ಎಷ್ಟು ಬಲವಾದದ್ದು ಅಂತ ಹೇಳುವ ಅಂಕಿ. ಬೇಸ್, ಆಸಿಡ್ ಎರಡೂ ಇರುವುದು ಒಂದೇ ಪಾತ್ರೆಯಲ್ಲಿ. ಹಾಗಾಗಿ ಭಾಗಿಸುವಾಗ ಗಾತ್ರ ಹೊಡೆದುಹೋಗುತ್ತದೆ, ಮೋಲ್ ಲೆಕ್ಕ ಸಾಕು. ನಾನು ಮೊಲಾರಿಟಿ (ಲೀಟರಿಗೆ ಎಷ್ಟು ಮೋಲ್) ಕಡೆ ಹೋಗುವುದೇ ಇಲ್ಲ, ಮಿಲಿಮೋಲ್‌ನಲ್ಲೇ ಮುಗಿಸುತ್ತೇನೆ.

ಒಂದು ಉದಾಹರಣೆ. 100 ಮಿಲಿ ಅಸಿಟೇಟ್ ಬಫರ್‌ನಲ್ಲಿ ಅಸಿಟಿಕ್ ಆಸಿಡ್ 5 ಮಿಲಿಮೋಲ್, ಸೋಡಿಯಂ ಅಸಿಟೇಟ್ 5 ಮಿಲಿಮೋಲ್ ಇವೆ. ಎರಡೂ ಸಮ, ಲಾಗ್ ಸೊನ್ನೆ, ಹಾಗಾಗಿ ಪಿಎಚ್ ಅಂದರೆ ಅಸಿಟಿಕ್ ಆಸಿಡ್‌ನ ಪಿಕೆಎಯೇ, 4.76. ಇದಕ್ಕೆ 0.1 ಮೊಲಾರ್ ಹೈಡ್ರೋಕ್ಲೋರಿಕ್ ಆಸಿಡ್ 10 ಮಿಲಿ ಹಾಕಿದರೆ 1 ಮಿಲಿಮೋಲ್ ಆಸಿಡ್ ಸೇರುತ್ತದೆ. ಅದು 1 ಮಿಲಿಮೋಲ್ ಅಸಿಟೇಟನ್ನು ಅಸಿಟಿಕ್ ಆಸಿಡ್ ಮಾಡುತ್ತದೆ. ಈಗ ಬೇಸ್ 4, ಆಸಿಡ್ 6. ಪಿಎಚ್ 4.58ಕ್ಕೆ ಇಳಿಯುತ್ತದೆ, ಅಷ್ಟೇ. ಅದೇ 10 ಮಿಲಿಯನ್ನು 100 ಮಿಲಿ ಬರೀ ನೀರಿಗೆ ಹಾಕಿದ್ದರೆ ಪಿಎಚ್ ಸುಮಾರು 2 ಆಗುತ್ತಿತ್ತು. ಬಫರ್ ಏನು ಕೆಲಸ ಮಾಡುತ್ತದೆ ಅನ್ನುವುದು ಈ ಎರಡು ಅಂಕಿಗಳಲ್ಲೇ ಇದೆ, ಅಲ್ವಾ?

ಮೋಲನ್ನು ಗ್ರಾಂಗೆ ತಿರುಗಿಸುವಾಗ ಬಾಟಲಿಯ ಲೇಬಲ್ ಓದಲೇಬೇಕು. ನೀರಿಲ್ಲದ ಸೋಡಿಯಂ ಅಸಿಟೇಟ್ ಮೋಲ್‌ಗೆ 82.03 ಗ್ರಾಂ, ಟ್ರೈಹೈಡ್ರೇಟ್ (ಮೂರು ನೀರಿನ ಅಣು ಸೇರಿರುವುದು) 136.08 ಗ್ರಾಂ.

ಇನ್ನು ನನಗೆ ಅತಿ ಮುಖ್ಯ ಅನಿಸುವ ವಿಷಯ. ಫಾಸ್ಫೇಟ್ ಬಫರ್‌ನಲ್ಲಿ ಈ ಸೂತ್ರದ ಉತ್ತರಕ್ಕೂ ಮೀಟರ್‌ಗೂ ಹೊಂದಾಣಿಕೆ ಆಗುವುದಿಲ್ಲ. ಮೀಟರ್ ಕ್ಯಾಲಿಬ್ರೇಷನ್‌ಗೆ ಬಳಸುವ ಫಾಸ್ಫೇಟ್ ಸ್ಟ್ಯಾಂಡರ್ಡನ್ನೇ ನೋಡಿ. ಅದರಲ್ಲಿ ಎರಡು ಲವಣಗಳೂ ತಲಾ 0.025 ಮೊಲಾಲ್ (ಒಂದು ಕಿಲೋ ನೀರಿಗೆ ಇಷ್ಟು ಮೋಲ್). ಪಿಕೆಎ 7.20, ಪ್ರಮಾಣ ಸಮ, ಅಂದರೆ ಸೂತ್ರದ ಪ್ರಕಾರ ಪಿಎಚ್ 7.20 ಇರಬೇಕು. ಆದರೆ 25 ಡಿಗ್ರಿಯಲ್ಲಿ ಅದರ ನಿಜವಾದ ಪಿಎಚ್ 6.865.

ಈ ವ್ಯತ್ಯಾಸಕ್ಕೆ ಕಾರಣ ಅಯಾನುಗಳು. ದ್ರಾವಣದಲ್ಲಿ ಪ್ರತಿ ಅಯಾನಿನ ಸುತ್ತ ವಿರುದ್ಧ ಚಾರ್ಜಿನ ಅಯಾನುಗಳು ಸೇರಿಕೊಂಡು ಅದರ ಪ್ರಭಾವವನ್ನು ಕಡಿಮೆ ಮಾಡುತ್ತವೆ. ಚಾರ್ಜ್ ಎರಡಾದರೆ ಪರಿಣಾಮ ನಾಲ್ಕು ಪಟ್ಟು. ಈ ಬಫರ್‌ನ ಬೇಸ್ ರೂಪಕ್ಕೆ ಎರಡು ಋಣ ಚಾರ್ಜ್, ಆಸಿಡ್ ರೂಪಕ್ಕೆ ಒಂದೇ. ನಾನು ಮೊದಲು ಅಯಾನಿಕ್ ಸ್ಟ್ರೆಂತ್ ಲೆಕ್ಕ ಹಾಕುತ್ತೇನೆ: ಪ್ರತಿ ಅಯಾನಿನ ಸಾಂದ್ರತೆಯನ್ನು ಅದರ ಚಾರ್ಜಿನ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಅರ್ಧ ಮಾಡುವುದು. ಇಲ್ಲಿ ಅದು 0.1 ಬರುತ್ತದೆ. ಅದನ್ನು, ಅಯಾನಿನ ಪ್ರಭಾವ ಎಷ್ಟು ಇಳಿಯುತ್ತದೆ ಅಂತ ಅಂದಾಜು ಕೊಡುವ ಡೇವೀಸ್ ಸಮೀಕರಣಕ್ಕೆ ಹಾಕಿದರೆ ಬೇಸ್‌ಗೆ ಲಾಗ್‌ನಲ್ಲಿ −0.43, ಆಸಿಡ್‌ಗೆ −0.11. ಅಂತರ 0.32. 7.20ರಿಂದ ಕಳೆದರೆ 6.88! ನಿಜವಾದ ಬೆಲೆಗೆ ಎಷ್ಟು ಹತ್ತಿರ ನೋಡಿ. ಒಂದು ಕ್ಯಾಲ್ಕುಲೇಟರ್‌ನಲ್ಲಿ ಇಷ್ಟು ಹತ್ತಿರ ಬರಬಹುದು ಅನ್ನುವುದು ಈಗಲೂ ನನಗೆ ಖುಷಿ ಕೊಡುತ್ತದೆ.

ಹತ್ತು ಪಟ್ಟು ಗಟ್ಟಿಯಾದ ಪಿಬಿಎಸ್ (ಉಪ್ಪು ಬೆರೆಸಿದ ಫಾಸ್ಫೇಟ್ ಬಫರ್) ಸ್ಟಾಕ್ 6.8ರ ಆಸುಪಾಸು ತೋರಿಸಿ, ನೀರು ಬೆರೆಸಿದ ಮೇಲೆ 7.4 ಆಗುವುದೂ ಇದೇ ಕಾರಣಕ್ಕೆ. ನೀರು ಜಾಸ್ತಿಯಾದಂತೆ ಅಯಾನುಗಳು ದೂರವಾಗುತ್ತವೆ, ಪಿಎಚ್ ಏರುತ್ತದೆ. ಸ್ಟಾಕ್‌ನಲ್ಲಿ 6.8 ಕಂಡು ಗಾಬರಿಯಾಗಿ ಸುಮ್ನೆ ಸೋಡಿಯಂ ಹೈಡ್ರಾಕ್ಸೈಡ್ ಸುರಿಯಬೇಡಿ. ಬಳಸುವಷ್ಟು ತೆಳು ಮಾಡಿ, ಆಮೇಲೆ ಅಳೆಯಿರಿ.

ಟ್ರಿಸ್ ಅನ್ನುವ ಸಾವಯವ ಬೇಸ್‌ನಿಂದ ಮಾಡುವ ಬಫರ್‌ನಲ್ಲಿ ತೊಂದರೆ ಬೇರೆ: ಉಷ್ಣಾಂಶ. ಅದರ ಪಿಕೆಎ 25 ಡಿಗ್ರಿಯಲ್ಲಿ ಸುಮಾರು 8.06. ಪ್ರತಿ ಡಿಗ್ರಿ ತಣ್ಣಗಾದಂತೆ 0.028ರಷ್ಟು ಏರುತ್ತದೆ. 4 ಡಿಗ್ರಿಗೆ ಬಂದಾಗ 8.65 ಆಗಿರುತ್ತದೆ. ಅಂದರೆ ಹೊರಗೆ 8.0 ಮಾಡಿಟ್ಟ ಬಫರ್ ಕೋಲ್ಡ್ ರೂಮ್‌ನಲ್ಲಿ 8.6ರ ಹತ್ತಿರ ಇರುತ್ತದೆ. ಎನ್‌ಜೈಮ್ ಕೆಲಸಕ್ಕೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಅದಕ್ಕೆ ಬಫರ್ ಬಳಸುವ ಉಷ್ಣಾಂಶದ ಪಿಕೆಎಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. 50 ಮಿಲಿಮೊಲಾರ್ ಟ್ರಿಸ್ ಒಂದು ಲೀಟರ್ ಬೇಕು ಅಂದುಕೊಳ್ಳಿ, ಟ್ರಿಸ್ ಬೇಸ್ 6.06 ಗ್ರಾಂ. 25 ಡಿಗ್ರಿಯಲ್ಲಿ 8.0 ಬೇಕಾದರೆ 1 ಮೊಲಾರ್ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 27 ಮಿಲಿ. 4 ಡಿಗ್ರಿಯಲ್ಲಿ 8.0 ಬೇಕಾದರೆ ಸುಮಾರು 41 ಮಿಲಿ. ಎರಡನೆಯದನ್ನು ಹೊರಗೆ 25 ಡಿಗ್ರಿಯಲ್ಲಿ ಅಳೆದರೆ 7.4 ತೋರಿಸುತ್ತದೆ, ಅದು ಸರಿಯೇ. ಮೀಟರ್‌ನ ಟೆಂಪರೇಚರ್ ಕಾಂಪೆನ್ಸೇಷನ್ ಇದನ್ನು ಸರಿಪಡಿಸುವುದಿಲ್ಲ. ಅದು ಎಲೆಕ್ಟ್ರೋಡಿನ ಸ್ಪಂದನೆಯನ್ನು ಮಾತ್ರ ತಿದ್ದುತ್ತದೆ, ಬಫರ್‌ನ ರಸಾಯನವನ್ನಲ್ಲ. ಹಾಗಾಗಿ ನನ್ನ ಟ್ರಿಸ್ ಬಾಟಲಿಗಳ ಮೇಲೆ ಪಿಎಚ್ ಪಕ್ಕದಲ್ಲಿ ಯಾವ ಉಷ್ಣಾಂಶದಲ್ಲಿ ಅನ್ನುವುದನ್ನೂ ಬರೆದೇ ಇಡುತ್ತೇನೆ.