ಬಿಲ್ಲಿನಲ್ಲಿ ಕದ್ದು ಕೂತ 895 ಡಾಲರ್

ಷಿಕಾಗೋ ಪಕ್ಕದ ನಮ್ಮೂರಲ್ಲಿ ಕಾರು ಕೊಂಡ ರಾತ್ರಿ, ಊಟ ಮುಗಿಸಿ ಕಾಗದ ಬಿಚ್ಚಿದರೆ 895 ಡಾಲರಿನ ‘ಪೇಂಟ್ ಪ್ರೊಟೆಕ್ಷನ್’, ಅಂದರೆ ಕಾರಿನ ಬಣ್ಣ ಕಾಯುವ ಲೇಪ! ನಾನು ಕೇಳಿರಲಿಲ್ಲ. ಸಹಿ ಮಾತ್ರ ನನ್ನದೇ.

ನಿಮಗೂ ಹೀಗಾದರೆ ಜಗಳಕ್ಕೆ ಹೋಗಬೇಡಿ. ಜಾಹೀರಾತಿನ ಸ್ಕ್ರೀನ್‌ಶಾಟ್, ಸೇಲ್ಸ್‌ನವನ ಮೆಸೇಜು, ಒಪ್ಪಂದದ ಎಲ್ಲ ಪುಟ ಜೋಡಿಸಿಟ್ಟುಕೊಂಡು ಡೀಲರಿಗೆ ಇಮೇಲ್ ಬರೆಯಿರಿ. ಫೋನಿನ ಮಾತು ಗಾಳಿಪಾಲು. (ಮೂರು ದಿನದೊಳಗೆ ಕಾರು ವಾಪಸ್ ಕೊಡಬಹುದು ಅಂತ ಗೆಳೆಯರು ಹೇಳುತ್ತಾರೆ. ನಮ್ಮ ಇಲಿನಾಯ್ ರಾಜ್ಯದಲ್ಲಿ ಷೋರೂಮಿನಲ್ಲಿ ಕೊಂಡ ಕಾರಿಗೆ ಅಂಥ ಹಕ್ಕಿಲ್ಲ.)

ಉತ್ತರ ಬರಲಿಲ್ಲವೇ? ರಾಜ್ಯ ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಕಚೇರಿಗೆ ಆನ್‌ಲೈನಿನಲ್ಲಿ ಗ್ರಾಹಕ ದೂರು ಕೊಡಿ, ಶುಲ್ಕವಿಲ್ಲ. ತಾರೀಖು, ಮೊತ್ತ, ನಿಮಗೇನು ಬೇಕು ಅನ್ನುವುದಷ್ಟೇ ಸಾಕು, ಸಂಕಟದ ಪುರಾಣ ಬೇಡ. ಅವರು ನಿಮ್ಮ ಸ್ವಂತ ವಕೀಲರಲ್ಲ. ಡೀಲರಿಗೆ ಬರೆದು ರಾಜಿಗೆ ಯತ್ನಿಸುತ್ತಾರೆ. ಆದರೆ ಒಂದೇ ಬಗೆಯ ದೂರುಗಳು ಗುಡ್ಡೆ ಬಿದ್ದರೆ ರಾಜ್ಯವೇ ಮೊಕದ್ದಮೆ ಹೂಡಬಹುದು. ಕೇಳದ ಸೇವೆಗಳನ್ನು ಬಿಲ್ಲಿಗೆ ತುರುಕಿದ ಆರೋಪದ ಮೇಲೆ ಇಲಿನಾಯ್ ರಾಜ್ಯ ಮತ್ತು ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಕೇಸಿನಲ್ಲಿ, 2022ರಲ್ಲಿ ನೇಪಲ್ಟನ್ ಡೀಲರ್ ಸಮೂಹ 1 ಕೋಟಿ ಡಾಲರ್ ಕೊಡಲು ಒಪ್ಪಿತು.

ನನ್ನ ದುಡ್ಡು? ಏಳನೇ ವಾರ ಚೆಕ್ ಬಂತು. ಕ್ಷಮೆ ಬರಲಿಲ್ಲ.