ಕಾರ್ಪೆಟ್ ತೊಳೆಯುವ ಯಂತ್ರ: ನೀರು ಹಾಕುವುದಕ್ಕಿಂತ ತೆಗೆಯುವುದೇ ದೊಡ್ಡ ಕೆಲಸ

ಕಾರ್ಪೆಟ್ ತೊಳೆಯುವ ಯಂತ್ರವನ್ನು ಮೊದಲ ಸಲ ಬಳಸಿದ ದಿನ, ಕೊಳೆ ಹೆಚ್ಚಿದೆಯಲ್ಲ, ನೀರೂ ಸೋಪೂ ಹೆಚ್ಚೇ ಇರಲಿ ಎಂದುಕೊಂಡು ಧಾರಾಳವಾಗಿ ಸುರಿದೆ. ಸಂಜೆಯ ಹೊತ್ತಿಗೆ ಕಾರ್ಪೆಟ್ ಹೊಸದರಂತೆ ಕಾಣುತ್ತಿತ್ತು. ಮೂರನೆಯ ದಿನ ಅಂಚು ಎತ್ತಿ ನೋಡಿದರೆ ಅಡಿಭಾಗ ಇನ್ನೂ ಒದ್ದೆ. ಕೋಣೆಯ ತುಂಬ ಮುಗ್ಗಲು ವಾಸನೆ. ತಿಂಗಳು ತುಂಬುವಷ್ಟರಲ್ಲಿ ಓಡಾಡುವ ದಾರಿಯುದ್ದಕ್ಕೂ ಮೊದಲಿಗಿಂತ ಗಾಢವಾದ ಕೊಳೆ ಕೂತಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ, ಅದರ ಕೆಲಸ ಏನೆಂದು ನನಗೆ ತಿಳಿದಿರಲಿಲ್ಲ. ನೀರು ಹಾಕಲು ಬಕೆಟ್ ಸಾಕು. ಹಾಕಿದ ನೀರನ್ನು ಕೊಳೆಯ ಸಮೇತ ಮರಳಿ ಎಳೆದು ತೆಗೆಯುವುದಕ್ಕೇ ಯಂತ್ರ ಬೇಕು. ಕೊಳ್ಳುವಾಗಲೂ ಬಳಸುವಾಗಲೂ ಇದನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಹೀರುವ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ದೂಳನ್ನು ಗಾಳಿಯಿಂದ ಊದಿ ಹಾರಿಸುವ ಯಂತ್ರವೊಂದನ್ನು ನೋಡಿ, ಊದುವ ಬದಲು ಹೀರಿದರೆ ಹೇಗೆ ಎಂದು ಯೋಚಿಸಿದ. 1901ರಲ್ಲಿ ಅಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಕುದುರೆ ಗಾಡಿಯ ಮೇಲೆ ಬರುತ್ತಿದ್ದ ಆ ಯಂತ್ರ ಬೀದಿಯಲ್ಲೇ ನಿಲ್ಲುತ್ತಿತ್ತು. ಅದರ ಉದ್ದನೆಯ ಕೊಳವೆಗಳು ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಇಂದು ಒಂದು ಕೈಯಲ್ಲಿ ತಳ್ಳಬಹುದಾದ ತೊಳೆಯುವ ಯಂತ್ರದ ಜೀವಾಳವೂ ಅದೇ ಹೀರುವಿಕೆ. ಅದರಲ್ಲಿ ಎರಡು ಟ್ಯಾಂಕ್‌ಗಳಿರುತ್ತವೆ. ಒಂದರಿಂದ ಸೋಪು ಬೆರೆತ ನೀರು ಕಾರ್ಪೆಟ್ಟಿನ ಮೇಲೆ ಚಿಮ್ಮುತ್ತದೆ, ತಿರುಗುವ ಬ್ರಷ್ ಎಳೆಗಳನ್ನು ಉಜ್ಜುತ್ತದೆ, ಹಿಂದೆಯೇ ಬರುವ ಅಗಲವಾದ ಮೂತಿ ಕೊಳೆನೀರನ್ನು ಹೀರಿ ಎರಡನೆಯ ಟ್ಯಾಂಕಿಗೆ ಸೇರಿಸುತ್ತದೆ. ಇದನ್ನು ಹಲವರು ಸ್ಟೀಮ್ ಕ್ಲೀನರ್ ಎಂದು ಕರೆಯುತ್ತಾರೆ. ಆದರೆ ಇದರಲ್ಲಿ ಬಳಕೆಯಾಗುವುದು ಬಿಸಿನೀರು, ಹಬೆಯಲ್ಲ. ನಿಜವಾದ ಹಬೆ ಯಂತ್ರವೇ ಬೇರೆ. ಅದು ಕೊಳೆಯನ್ನು ಸಡಿಲಿಸಬಲ್ಲದು, ಹೊರಗೆ ತೆಗೆಯಲಾರದು.

ಮೊದಲು ಕಾರ್ಪೆಟ್ ನೋಡಿ, ಆಮೇಲೆ ಯಂತ್ರ

ಅಂಗಡಿಗೆ ಹೋಗುವ ಮುನ್ನ ಕಾರ್ಪೆಟ್ಟಿನ ಹಿಂಬದಿಯ ಪಟ್ಟಿಯನ್ನು ಓದಿ. ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್‌ನಂಥ ಕೃತಕ ನೂಲಿನವು ಯಂತ್ರದ ತೊಳೆತವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಉಣ್ಣೆಯದಾದರೆ ಉಗುರುಬೆಚ್ಚಗಿನ ನೀರು, ಉಣ್ಣೆಗೆಂದೇ ಮಾಡಿದ ಸೌಮ್ಯ ದ್ರಾವಣ, ಮೃದುವಾದ ಬ್ರಷ್ ಇರಲಿ. ಬಿಸಿ ಮತ್ತು ಉಜ್ಜುವಿಕೆ ಒಟ್ಟಾದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಂಟುಗಟ್ಟುತ್ತವೆ. ಕ್ಲೋರಿನ್ ಬ್ಲೀಚ್ ತಾಗಿದರೆ ಎಳೆಯೇ ಹಾಳಾಗುತ್ತದೆ.

ರೇಷ್ಮೆ ಮತ್ತು ವಿಸ್ಕೋಸ್ ಕಾರ್ಪೆಟ್‌ಗಳನ್ನು ಈ ಯಂತ್ರಕ್ಕೆ ಒಡ್ಡಲೇಬೇಡಿ. ವಿಸ್ಕೋಸ್ ನೋಡಲು ರೇಷ್ಮೆಯಂತೆಯೇ ಹೊಳೆಯುತ್ತದೆ, ಆದರೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಒಣಗಿದ ಮೇಲೆ ಹಳದಿಗಟ್ಟಬಹುದು. ಸೆಣಬಿನ ಕಾರ್ಪೆಟ್ಟೂ ಅಷ್ಟೇ, ಹೆಚ್ಚು ನೆನೆದರೆ ಕಂದು ಕಲೆ ಮೇಲೇಳುತ್ತದೆ. ಮೇಲಿನ ನೂಲು ಯಾವುದೇ ಇರಲಿ, ಹಿಂಬದಿಯಲ್ಲಿ ಸೆಣಬಿನ ನೇಯ್ಗೆ ಇದ್ದರೂ ನೀರು ಮಿತವಾಗಿರಬೇಕು. ಕೈಯಿಂದ ನೇಯ್ದ ಹಳೆಯ ರತ್ನಗಂಬಳಿ ನಿಮ್ಮಲ್ಲಿದ್ದರೆ ಅದನ್ನು ಬಲ್ಲವರ ಕೈಗೇ ಒಪ್ಪಿಸಿ. ಅದನ್ನು ನೇಯ್ದವರ ವರ್ಷಗಳ ಶ್ರಮ ನಮ್ಮ ಪ್ರಯೋಗಕ್ಕೆ ಬಲಿಯಾಗಬಾರದು.

ಯಂತ್ರ ಆರಿಸುವಾಗ ಪೆಟ್ಟಿಗೆಯ ಮೇಲಿನ ವಾಟ್ ಸಂಖ್ಯೆಗೆ ಮರುಳಾಗಬೇಡಿ. ಅದು ಯಂತ್ರ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದರ ಲೆಕ್ಕ, ಎಷ್ಟು ಹೀರುತ್ತದೆ ಎಂಬುದರದ್ದಲ್ಲ. ಸಾಧ್ಯವಿದ್ದರೆ ಅಂಗಡಿಯಲ್ಲೇ ಕಾರ್ಪೆಟ್ ತುಂಡಿನ ಮೇಲೆ ಓಡಿಸಿ ತೋರಿಸಲು ಕೇಳಿ, ಆಮೇಲೆ ಅಂಗೈ ಒತ್ತಿ ನೋಡಿ. ಕೈಗೆ ತೇವ ಮಾತ್ರ ತಾಗಬೇಕು, ನೀರು ಜಿನುಗಬಾರದು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಮೂತಿ ಪಾರದರ್ಶಕವಾಗಿರಲಿ, ಏಕೆಂದರೆ ನೀರು ಇನ್ನೂ ಬರುತ್ತಿದೆಯೇ ಎಂಬುದನ್ನು ಕೆಲಸದ ನಡುವೆ ಕಣ್ಣಿಂದಲೇ ಕಾಣಬೇಕು. ಬ್ರಷ್ಷನ್ನೂ ಮೂತಿಯನ್ನೂ ಬಿಚ್ಚಿ ತೊಳೆಯುವಂತಿರಬೇಕು. ಬಿಚ್ಚಲಾಗದ ಯಂತ್ರ ಕೆಲವೇ ತಿಂಗಳಲ್ಲಿ ನಾರತೊಡಗುತ್ತದೆ.

ಟ್ಯಾಂಕ್ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಎಣಿಕೆ ಅರ್ಧ ಮಾತ್ರ ನಿಜ. ನಾಲ್ಕು ಲೀಟರ್ ನೀರು ಎಂದರೆ ಯಂತ್ರದ ತೂಕದ ಮೇಲೆ ಇನ್ನೂ ನಾಲ್ಕು ಕಿಲೋ. ಮೆಟ್ಟಿಲು ಹತ್ತಿಸಬೇಕಾದವರು, ಬೆನ್ನುನೋವಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಒಂದೆರಡು ಚಿಕ್ಕ ಕಾರ್ಪೆಟ್, ಸೋಫಾ, ಕಾರಿನ ಸೀಟು ಇಷ್ಟೇ ಇದ್ದರೆ ಕೈಯಲ್ಲಿ ಹಿಡಿಯುವ ಕಲೆ ತೆಗೆಯುವ ಚಿಕ್ಕ ಯಂತ್ರ ಸಾಕು. ವರ್ಷಕ್ಕೆ ಒಂದೇ ಸಲ ಬೇಕೆನ್ನುವವರು ಬಾಡಿಗೆಗೆ ತರಬಹುದು, ಆದರೆ ತಂದ ಕೂಡಲೇ ಬ್ರಷ್ ಬಿಚ್ಚಿ ತೊಳೆಯಿರಿ. ಹಿಂದಿನ ಮನೆಯ ಕೂದಲೂ ಕೊಳೆಯೂ ಅದರಲ್ಲಿರುತ್ತದೆ.

ತೊಳೆಯುವ ದಿನ

ಬೆಳಿಗ್ಗೆಯೇ ಶುರುಮಾಡಿ, ಅದೂ ಒಣ ಹವೆಯ ದಿನ. ಪೀಠೋಪಕರಣಗಳನ್ನು ಸರಿಸಿ. ಸರಿಸಲಾಗದವುಗಳ ಕಾಲಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲವಾದರೆ ಒದ್ದೆ ಎಳೆಗಳಿಗೆ ಮರದ ಬಣ್ಣವೋ ಕಬ್ಬಿಣದ ತುಕ್ಕೋ ಇಳಿಯುತ್ತದೆ, ಅದು ಮತ್ತೆ ಹೋಗುವುದು ಕಷ್ಟ.

ಇನ್ನು ವ್ಯಾಕ್ಯೂಮ್ ಕ್ಲೀನರ್. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ, ಹೇಗೂ ತೊಳೆಯುತ್ತೇವಲ್ಲ ಎಂದು. ಕಾರ್ಪೆಟ್ಟಿನ ಕೊಳೆಯಲ್ಲಿ ದೊಡ್ಡ ಪಾಲು ಒಣ ದೂಳು, ಮರಳು, ಕೂದಲು. ಒಣಗಿದ್ದಾಗ ಸುಲಭವಾಗಿ ಹೊರಬರುವ ಈ ದೂಳಿಗೆ ನೀರು ಬಿದ್ದರೆ ಕೆಸರಾಗಿ ಬುಡಕ್ಕೆ ಅಂಟಿಕೊಳ್ಳುತ್ತದೆ. ಆದ್ದರಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ನಿಧಾನವಾಗಿ ಎಳೆಯಿರಿ. ಈ ಒಂದು ಕೆಲಸಕ್ಕೆ ಕೊಟ್ಟ ಅರ್ಧ ಗಂಟೆ ಮುಂದಿನ ಎರಡು ಗಂಟೆಯ ಒದ್ದಾಟವನ್ನು ತಪ್ಪಿಸುತ್ತದೆ.

ಬಣ್ಣ ನಿಲ್ಲುತ್ತದೆಯೇ ಎಂದು ನೋಡಲು, ಕಣ್ಣಿಗೆ ಬೀಳದ ಮೂಲೆಯಲ್ಲಿ ದ್ರಾವಣ ಹಚ್ಚಿ, ಕೆಲವು ನಿಮಿಷ ಬಿಟ್ಟು ಬಿಳಿ ಬಟ್ಟೆಯಿಂದ ಒತ್ತಿ. ಬಟ್ಟೆಗೆ ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಿ.

ನೀರಿನ ಬಿಸಿ ಎಷ್ಟಿರಬೇಕೆಂದು ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತದೆ. ನಲ್ಲಿಯ ಬಿಸಿನೀರು ಸಾಮಾನ್ಯವಾಗಿ ಸಾಕು. ಕುದಿಯುವ ನೀರು ಹಾಕಿದರೆ ಟ್ಯಾಂಕ್ ಸೊಟ್ಟಗಾಗುತ್ತದೆ, ಸೋರದಂತೆ ತಡೆಯುವ ರಬ್ಬರ್ ಸೀಲ್‌ಗಳು ಸಡಿಲಾಗಿ ನೀರು ಸೋರುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗಳನ್ನು ಮೊದಲು ತಣ್ಣೀರಿನಲ್ಲೇ ತೆಗೆಯಬೇಕು. ಬಿಸಿ ತಗುಲಿದರೆ ಅವುಗಳ ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಅಂಟಿಬಿಡುತ್ತದೆ.

ಸೋಪಿನ ವಿಷಯದಲ್ಲಿ ಕೈ ಬಿಗಿಯಾಗಿರಲಿ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಇಲ್ಲಿಗೆ ಸಲ್ಲ. ಅವುಗಳ ನೊರೆ ಕೊಳೆನೀರಿನ ಟ್ಯಾಂಕಿನಲ್ಲಿ ಉಕ್ಕಿ ಮೋಟಾರಿನವರೆಗೂ ಹೋಗಬಹುದು. ಕಾರ್ಪೆಟ್ ಯಂತ್ರಕ್ಕೆಂದೇ ಇರುವ ಕಡಿಮೆ ನೊರೆಯ ದ್ರಾವಣವನ್ನೂ ಅಳತೆಗಿಂತ ಒಂದು ಹನಿ ಹೆಚ್ಚು ಹಾಕಬೇಡಿ. ಹೊರಬಾರದೆ ಉಳಿದ ಸೋಪು ಒಣಗಿದ ಮೇಲೆ ಅಂಟಂಟಾಗಿ ಪ್ರತಿ ಹೆಜ್ಜೆಯ ದೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತೊಳೆದ ಕಾರ್ಪೆಟ್ ಬೇಗನೆ ಕಪ್ಪಾಗುವುದಕ್ಕೆ ಮುಖ್ಯ ಕಾರಣ ಇದು, ನನ್ನ ಮನೆಯಲ್ಲಿ ಆದದ್ದೂ ಇದೇ.

ಬಾಗಿಲಿನಿಂದ ದೂರದ ಮೂಲೆಯಲ್ಲಿ ಆರಂಭಿಸಿ, ಒದ್ದೆ ಜಾಗ ತುಳಿಯದೆ ಹಿಂದಕ್ಕೆ ಬರುತ್ತಾ ಹೋಗಿ. ಬಹುತೇಕ ಯಂತ್ರಗಳಲ್ಲಿ ಗುಂಡಿ ಒತ್ತಿದಾಗ ನೀರು ಚಿಮ್ಮುತ್ತದೆ, ಬಿಟ್ಟಾಗ ಹೀರುವಿಕೆ ಮಾತ್ರ ನಡೆಯುತ್ತದೆ. ಗುಂಡಿ ಒತ್ತಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಹೋಗಿ. ಗೆರೆ ಮುಗಿಯುವ ಸ್ವಲ್ಪ ಮೊದಲೇ ಗುಂಡಿ ಬಿಡಿ, ಇಲ್ಲದಿದ್ದರೆ ಕೊನೆಯಲ್ಲಿ ನೀರು ಮಡುಗಟ್ಟುತ್ತದೆ. ಆಮೇಲೆ ಅದೇ ಗೆರೆಯ ಮೇಲೆ ನೀರಿಲ್ಲದೆ ಎರಡು ಸಲ, ಬೇಕಾದರೆ ಮೂರು, ನಾಲ್ಕು ಸಲ ಎಳೆಯಿರಿ. ಹೊಲ ಉಳುವವರ ನಡಿಗೆಯಂತೆ ನಿಧಾನವಾಗಿರಲಿ. ಮೂತಿಯಲ್ಲಿ ನೀರಿನ ಓಟ ನಿಂತ ಮೇಲಷ್ಟೇ ಮುಂದಿನ ಗೆರೆ, ಅದೂ ಯಂತ್ರ ಹಿಂದಿನ ಗೆರೆಯ ಅಂಚಿನ ಮೇಲೆ ತುಸು ಹಾಯುವಂತೆ. ಒಂದೇ ಜಾಗ ಎಷ್ಟೇ ಕೊಳೆಯಾಗಿದ್ದರೂ ಅಲ್ಲೇ ನಿಂತು ನೀರು ಸುರಿಯಬೇಡಿ. ಒಣಗಿದ ಮೇಲೆ ಇನ್ನೊಮ್ಮೆ ತೊಳೆದರಾಯಿತು.

ಯಂತ್ರದ ಸದ್ದು ತಟ್ಟನೆ ಏರಿ ಹೀರುವುದು ನಿಂತರೆ ಗಾಬರಿ ಬೇಡ, ಕೊಳೆನೀರಿನ ಟ್ಯಾಂಕ್ ತುಂಬಿದೆ ಎಂದರ್ಥ. ಅದನ್ನು ಚರಂಡಿಗೆ ಸುರಿಯುವ ಮುನ್ನ ಕೂದಲು, ನೂಲಿನ ಉಂಡೆಗಳನ್ನು ಎತ್ತಿ ಕಸಕ್ಕೆ ಹಾಕಿ. ಇಡೀ ಕೋಣೆ ಮುಗಿದ ಮೇಲೆ ಸೋಪಿಲ್ಲದ ಬರೀ ನೀರಿನಲ್ಲಿ ಇನ್ನೊಂದು ಸುತ್ತು ಹೋಗಿ, ಅದನ್ನೂ ಪೂರ್ತಿ ಹೀರಿ ತೆಗೆಯಿರಿ. ಕೈ ಸೋತಿದ್ದರೂ ಈ ಸುತ್ತನ್ನು ಬಿಡಬೇಡಿ.

ಒಣಗಿಸುವುದು ತೊಳೆದಷ್ಟೇ ಮುಖ್ಯ

ಕಿಟಕಿಗಳನ್ನು ತೆರೆದು, ಕಾರ್ಪೆಟ್ಟಿನ ಮೇಲ್ಮೈಗೆ ಗಾಳಿ ಸವರಿಕೊಂಡು ಹೋಗುವಂತೆ ಫ್ಯಾನ್ ಇಡಿ. ಸರಿಯಾಗಿ ಹೀರಿದ್ದರೆ ಆರರಿಂದ ಹನ್ನೆರಡು ಗಂಟೆಯಲ್ಲಿ ಒಣಗುತ್ತದೆ. ದಪ್ಪ ಕಾರ್ಪೆಟ್ಟಿಗೆ ಇಡೀ ಒಂದು ದಿನ ಬೇಕಾದೀತು. ಅದಕ್ಕೂ ಮೀರಿ, ಎರಡು ದಿನದವರೆಗೆ ಒದ್ದೆ ಉಳಿದರೆ ಬೂಷ್ಟು ಬೆಳೆಯುವ ಅಪಾಯವಿದೆ. ಹಾಸಿದ್ದನ್ನು ಎತ್ತಬಹುದಾದರೆ ಹಿಂಬದಿಗೂ ಗಾಳಿ ಆಡುವಂತೆ ಮಾಡಿ. ಪೂರ್ತಿ ಒಣಗುವವರೆಗೆ ಮಕ್ಕಳನ್ನು, ಸಾಕುಪ್ರಾಣಿಗಳನ್ನು ದೂರವಿಡಿ.

ಈ ನಡುವೆ ಯಂತ್ರದ ಪ್ಲಗ್ ಕಿತ್ತು, ಎರಡೂ ಟ್ಯಾಂಕ್ ತೊಳೆಯಿರಿ. ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಎಲ್ಲವನ್ನೂ ಮುಚ್ಚಳ ತೆರೆದಿಟ್ಟೇ ಒಣಗಿಸಿ, ಆಮೇಲೆ ಒಳಗಿಡಿ.

ಮರುದಿನ ಬೆಳಿಗ್ಗೆ, ಹೋಗಿತ್ತೆಂದು ನೀವು ನಂಬಿದ್ದ ಕಲೆ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ, ಒಣಗುತ್ತಿರುವ ಎಳೆಗಳು ಬುಡದಲ್ಲಿ ಉಳಿದ ಕೊಳೆಯನ್ನು ತುದಿಗೆ ತರುತ್ತವೆ. ಇಡೀ ಕಾರ್ಪೆಟ್ಟನ್ನು ಮತ್ತೆ ತೊಳೆಯುವುದು ಬೇಡ. ಆ ಜಾಗವನ್ನಷ್ಟೇ ಸ್ವಲ್ಪ ನೀರಿನಿಂದ ತೇವ ಮಾಡಿ, ಯಂತ್ರದಿಂದ ಹೀರಿ, ಮಡಿಸಿದ ಒಣ ಬಿಳಿ ಟವೆಲನ್ನು ಅದರ ಮೇಲಿಟ್ಟು ಭಾರ ಹೇರಿ ರಾತ್ರಿಯೆಲ್ಲ ಬಿಡಿ. ಭಾರ ಮರದ್ದೋ ಲೋಹದ್ದೋ ಆಗಿದ್ದರೆ ನಡುವೆ ಪ್ಲಾಸ್ಟಿಕ್ ಹಾಳೆ ಇರಲಿ. ಬೆಳಗಾಗುವಷ್ಟರಲ್ಲಿ ಕಲೆಯ ಬಹುಪಾಲು ಟವೆಲಿಗೆ ಏರಿರುತ್ತದೆ.